ಮಠ ಮರವಾಗದ ಹಾಗೆ

ಊರಿನ ಶಾಲೆಗೆ ನೂರು ವರ್ಷ ತುಂಬಿದೆ ಎಂದಿಟ್ಟುಕೊಳ್ಳಿ. ದ್ವಾರದ ಮೇಲೆ ಹತ್ತಡಿಯ ಫಲಕ ಆಗಬೇಕು, ಮಕ್ಕಳ ಟೀ ಶರ್ಟಿನ ಮೇಲೆ ಶಾಲೆಯ ಲಾಂಛನ ಬರಬೇಕು, ಅತಿಥಿಗಳಿಗೆ ಕೊಡುವ ಮರದ ಸ್ಮರಣಿಕೆಯ ಮೇಲೂ ಅದೇ ಲಾಂಛನವನ್ನು ಲೇಸರಿನಲ್ಲಿ ಕೊರೆಸಬೇಕು. ಲಾಂಛನ ಎಲ್ಲಿದೆ? ಹಳೆಯ ಲೆಟರ್‌ಹೆಡ್ಡಿನ ಮೂಲೆಯಲ್ಲಿ, ಒಂದಿಂಚಿನಷ್ಟು. ಯಾರೋ ಮೊಬೈಲಿನಲ್ಲಿ ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ಸ್ಟಿಕರ್ ಕಟಿಂಗ್ ಅಂಗಡಿಯವರು ಅದನ್ನು ನೋಡಿ, "ಸರ್, ಈ ಜೆಪೆಗ್ ನಡೆಯಲ್ಲ, ಕೋರಲ್ ಫೈಲ್ ಇದ್ರೆ ಕಳ್ಸಿ" ಅನ್ನುತ್ತಾರೆ. ಕಮಿಟಿಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಚಿತ್ರ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದೆ, ಇವರಿಗೆ ಇನ್ನೇನು ಬೇಕು?

ಅವರಿಗೆ ಬೇಕಾದದ್ದು ಗೆರೆ. ಕಳಿಸಿದ ಫೋಟೊದಲ್ಲಿ ಗೆರೆ ಇಲ್ಲ, ಬರೀ ಚುಕ್ಕಿಗಳಿವೆ. ಚುಕ್ಕಿಗಳಿಂದ ಗೆರೆಯನ್ನು ಹೊರತೆಗೆಯುವ ಮುಕ್ತ ತಂತ್ರಾಂಶಗಳ ವಿಚಾರವನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ಕಂಪ್ಯೂಟರ್ ಚಿತ್ರವನ್ನು ಎರಡು ಬಗೆಯಲ್ಲಿ ನೆನಪಿಟ್ಟುಕೊಳ್ಳುತ್ತದೆ. ಒಂದು ರಾಸ್ಟರ್ ಬಗೆ. ಚಿತ್ರವನ್ನು ಅಡ್ಡಸಾಲು, ಕಂಬಸಾಲುಗಳ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದ ಬಣ್ಣವನ್ನೂ ಬರೆದಿಡುವುದು. ಈ ಚೌಕವೇ ಪಿಕ್ಸೆಲ್. ಕ್ಯಾಮೆರಾ, ಸ್ಕ್ಯಾನರ್ ಕೊಡುವುದೆಲ್ಲ ಇದೇ. ಇನ್ನೊಂದು ವೆಕ್ಟರ್ ಬಗೆ. ಇಲ್ಲಿಂದ ಹೊರಡು, ಇಷ್ಟು ಬಾಗು, ಅಲ್ಲಿ ಹೋಗಿ ಸೇರು, ಒಳಗೆ ಕೆಂಪು ತುಂಬು ಎಂದು ಆಕಾರವನ್ನು ಮಾತಿನಲ್ಲಿ ಹೇಳಿದಂತೆ ಬರೆದಿಡುವುದು.

ಹಿಗ್ಗಿಸಿದಾಗ ಇವೆರಡರ ವ್ಯತ್ಯಾಸ ಬಯಲಾಗುತ್ತದೆ. ಒಂದಿಂಚಿನ ಲಾಂಛನವನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ ಅದರ ಅಗಲ 300 ಪಿಕ್ಸೆಲ್. ಅದನ್ನು ಹತ್ತಡಿಗೆ, ಅಂದರೆ 120 ಇಂಚಿಗೆ ಎಳೆದರೆ ಒಂದೊಂದು ಪಿಕ್ಸೆಲ್ಲೂ ಒಂದು ಸೆಂಟಿಮೀಟರಿನಷ್ಟು ದಪ್ಪ ಆಗುತ್ತದೆ. ದುಂಡಗಿರಬೇಕಾದ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ, ಇಲ್ಲವೆ ಮಂಜು ಕವಿದಂತಾಗುತ್ತದೆ. ವೆಕ್ಟರ್ ಚಿತ್ರಕ್ಕೆ ಈ ತೊಂದರೆಯಿಲ್ಲ. ಅಳತೆ ಎಷ್ಟೇ ಇರಲಿ, ಬಾಗನ್ನು ಆ ಅಳತೆಗೆ ಹೊಸದಾಗಿ ಬಿಡಿಸಿಕೊಳ್ಳುತ್ತದೆ. ಸ್ಟಿಕರ್ ಕತ್ತರಿಸುವ ಪ್ಲಾಟರಿನ ಅಲಗಿಗಂತೂ ವೆಕ್ಟರ್ ಇಲ್ಲದೆ ದಾರಿಯೇ ಇಲ್ಲ. ಅದು ಒಂದು ಗೆರೆಯ ಮೇಲೆ ನಡೆಯಬೇಕು, ಚುಕ್ಕಿಗಳ ಗುಂಪು ತೋರಿಸಿದರೆ ಅದು ಎಲ್ಲಿಗೆ ಹೋಗಬೇಕು?

ಚುಕ್ಕಿಗಳನ್ನು ಗೆರೆಯಾಗಿಸುವುದನ್ನು ಅಂಗಡಿಗಳಲ್ಲಿ ಟ್ರೇಸ್ ಮಾಡುವುದು ಎನ್ನುತ್ತಾರೆ. ಮೊದಲೆಲ್ಲ ಚಿತ್ರವನ್ನು ಅಡಿಯಲ್ಲಿಟ್ಟುಕೊಂಡು, ಮೌಸ್ ಹಿಡಿದು, ಅಂಚಿನುದ್ದಕ್ಕೂ ಬಿಂದು ಇಡುತ್ತಾ ಕೈಯಲ್ಲೇ ಮಾಡುತ್ತಿದ್ದರು. ಈಗಲೂ ಒಳ್ಳೆಯ ಕೆಲಸಗಾರರು ಹಾಗೇ ಮಾಡುತ್ತಾರೆ. ಅದನ್ನು ತಾನಾಗಿ ಮಾಡುವ ತಂತ್ರಾಂಶಗಳು ಬಂದು ದಶಕಗಳೇ ಆದವು. ಅಡೋಬಿ ಕಂಪನಿಯ ಸ್ಟ್ರೀಮ್‌ಲೈನ್ ಇತ್ತು, ಕೋರಲ್ ಎಂಬ ಚಿತ್ರರಚನೆಯ ತಂತ್ರಾಂಶದ ಜೊತೆಗೆ ಬರುವ ಟ್ರೇಸ್ ಸೌಲಭ್ಯ ಇದೆ. ಇವೆಲ್ಲ ದುಡ್ಡು ಕೊಟ್ಟು ತರುವಂಥವು, ಒಳಗೆ ಏನು ನಡೆಯುತ್ತದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಮುಕ್ತ ತಂತ್ರಾಂಶಗಳಲ್ಲಿ ಮೊದಲು ಹೆಸರಾದದ್ದು ಮಾರ್ಟಿನ್ ವೆಬರ್ ಬರೆದ ಆಟೊಟ್ರೇಸ್. ಅದಾದ ಮೇಲೆ, 2001ರಲ್ಲಿ, ಪೀಟರ್ ಸೆಲಿಂಗರ್ ಎಂಬ ಗಣಿತಜ್ಞರು ಪೋಟ್ರೇಸ್ ಎಂಬುದನ್ನು ಹೊರತಂದರು. ಇವರು ಕೆನಡಾದ ಹ್ಯಾಲಿಫ್ಯಾಕ್ಸಿನ ಡಲ್‌ಹೌಸಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ತರ್ಕಶಾಸ್ತ್ರ, ಕ್ವಾಂಟಮ್ ಗಣನೆ ಇವರ ಕ್ಷೇತ್ರ. ಪೋಟ್ರೇಸ್ ನಡೆಯುವ ಬಗೆಯನ್ನು 2003ರಲ್ಲಿ ಅವರು ಒಂದು ಲೇಖನವಾಗಿಯೂ ಬರೆದು ಪ್ರಕಟಿಸಿದರು. ಹಾಗಾಗಿ ಅದರ ಹೊಟ್ಟೆಯೊಳಗೆ ಏನಿದೆ ಎಂದು ನಾವು ಈಗ ನೋಡಬಹುದು.

ಪೋಟ್ರೇಸ್‌ಗೆ ಕಪ್ಪು ಬಿಳುಪು ಬಿಟ್ಟು ಬೇರೆ ಬಣ್ಣ ಗೊತ್ತಿಲ್ಲ. ಬೂದು ಕೂಡ ಅದಕ್ಕೆ ಒಂದೋ ಕಪ್ಪು, ಇಲ್ಲವೆ ಬಿಳಿ. ಹಾಗೆ ಎರಡು ಪಾಲಾದ ಚಿತ್ರವನ್ನು ಹಿಡಿದು ಅದು ಮಾಡುವ ಕೆಲಸ ಹಳ್ಳಿಯ ಹೊಲದಲ್ಲಿ ಹದ್ದುಬಸ್ತು ಮಾಡುವ ಭೂಮಾಪಕರ ಕೆಲಸದ ಹಾಗಿದೆ. ಮೊದಲು ಗಡಿಯುದ್ದಕ್ಕೂ ಒಂದು ಸುತ್ತು ನಡೆಯುವುದು. ಒಂದು ಕೈಗೆ ಸದಾ ಕಪ್ಪು, ಇನ್ನೊಂದು ಕೈಗೆ ಸದಾ ಬಿಳಿ. ಹೊರಟ ಜಾಗಕ್ಕೆ ಮರಳಿ ಬಂದರೆ ಒಂದು ಆಕಾರದ ಎಲ್ಲೆ ಸಿಕ್ಕಿತು. ಆ ಎಲ್ಲೆಯೊಳಗಿನ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ, ಉಳಿದ ಎಲ್ಲೆಗಳನ್ನು ಹುಡುಕುವುದು. ಕಪ್ಪೆಲ್ಲ ಮುಗಿಯುವವರೆಗೆ ಇದೇ ನಡೆ.

ಹೀಗೆ ಸಿಕ್ಕ ಎಲ್ಲೆ ಪಿಕ್ಸೆಲ್‌ಗಳ ಅಂಚು ಹಿಡಿದು ಬಂದದ್ದು, ಆದ್ದರಿಂದ ತೊಂಬತ್ತು ಡಿಗ್ರಿಯ ತಿರುವುಗಳೇ ಎಲ್ಲ ಕಡೆ. ಎರಡನೆಯ ಹೆಜ್ಜೆಯಲ್ಲಿ ಬಾಂದುಕಲ್ಲು ನೆಡುವ ಕೆಲಸ. ಎಷ್ಟು ಕಡಿಮೆ ಕಲ್ಲು ನೆಟ್ಟರೆ, ಕಲ್ಲಿನಿಂದ ಕಲ್ಲಿಗೆ ಎಳೆದ ನೇರ ದಾರ ನಿಜವಾದ ಎಲ್ಲೆಯಿಂದ ಹೆಚ್ಚೆಂದರೆ ಸುಮಾರು ಅರ್ಧ ಪಿಕ್ಸೆಲ್ ಮಾತ್ರ ಆಚೀಚೆ ಆಗುತ್ತದೆ ಎಂದು ಲೆಕ್ಕ ಹಾಕುತ್ತದೆ. ಅಷ್ಟೇ ಕಲ್ಲುಗಳಲ್ಲಿ ನೆಡುವ ಬಗೆ ಹಲವು ಇದ್ದರೆ, ಎಲ್ಲೆಗೆ ಹೆಚ್ಚು ಹತ್ತಿರದ್ದನ್ನು ಆರಿಸುತ್ತದೆ. ಈಗ ಮೆಟ್ಟಿಲು ಹೋಗಿ ಬಹುಭುಜ ಬಂತು.

ಮೂರನೆಯ ಹೆಜ್ಜೆಯಲ್ಲಿ ಒಂದೊಂದು ಕಲ್ಲಿನ ಬಳಿಯೂ ಒಂದು ತೀರ್ಮಾನ ಆಗಬೇಕು. ಇದು ನಿಜವಾದ ಮೂಲೆಯೋ, ಬಾಗಿನ ನಡುವೆ ಬಂದ ತಿರುವೋ? ಮೂಲೆಯಾದರೆ ಮೊನೆಯಾಗಿ ಬಿಡಬೇಕು, ಬಾಗಾದರೆ ದುಂಡಗೆ ಮಾಡಬೇಕು. ದುಂಡಗೆ ಮಾಡಲು ಬಳಸುವುದು ಬೆಝಿಯೆ ಬಾಗು ಎಂಬ ನಾಲ್ಕು ಬಿಂದುಗಳ ರೇಖೆ. ಕೊನೆಯ ಹೆಜ್ಜೆಯಲ್ಲಿ ಅಕ್ಕಪಕ್ಕದ ಸಣ್ಣ ಬಾಗುಗಳನ್ನು ಒಂದೇ ದೊಡ್ಡ ಬಾಗಾಗಿ ಬೆಸೆಯಬಹುದೇ ಎಂದು ನೋಡಿ, ಆಗುವಲ್ಲಿ ಬೆಸೆಯುತ್ತದೆ. ಇದರಿಂದ ಫೈಲ್ ಹಗುರವಾಗುತ್ತದೆ, ಮುಂದೆ ತಿದ್ದುವವರಿಗೂ ಕೆಲಸ ಸುಲಭ.

ಇಷ್ಟು ಹೆಜ್ಜೆಗಳಲ್ಲಿ ತಂತ್ರಾಂಶ ಎಲ್ಲಿಯೂ ಇದು ಹೂವು, ಇದು ದೀಪ, ಇದು ಅಕ್ಷರ ಎಂದು ಯೋಚಿಸಲಿಲ್ಲ. ಅದಕ್ಕೆ ಗೊತ್ತಿರುವುದು ಎಲ್ಲೆ ಮಾತ್ರ. ಚುಕ್ಕಿಗಳ ನಡುವೆ ಗೆರೆ ಹೀಗಿದ್ದಿರಬಹುದು ಎಂದು ಅದು ಊಹಿಸುತ್ತದೆ. ಊಹೆ ಎಂದ ಮೇಲೆ ತಪ್ಪಲೂಬಹುದು. ಎಲ್ಲಿ ತಪ್ಪೀತು ಎಂದು ಮೊದಲೇ ತಿಳಿದವರ ಕೈಯಲ್ಲಿ ಮಾತ್ರ ಈ ಸಾಧನ ಪಳಗುತ್ತದೆ.

ಕನ್ನಡ ಅಕ್ಷರಗಳನ್ನೇ ತೆಗೆದುಕೊಳ್ಳೋಣ. ಸ್ಕ್ಯಾನ್ ಮಾಡಿದ ಕಾಗದದಲ್ಲಿ ಧೂಳಿನ ಕಣಗಳು, ಮಸಿಯ ಸಿಡಿತಗಳು ಇದ್ದೇ ಇರುತ್ತವೆ. ಇಂಥವನ್ನು ಕೈಬಿಡಲು ಪೋಟ್ರೇಸ್‌ನಲ್ಲಿ ಒಂದು ಅಂಕಿ ಇದೆ. ಇಷ್ಟು ಪಿಕ್ಸೆಲ್‌ಗಿಂತ ದೊಡ್ಡದಲ್ಲದ ಕಲೆಯನ್ನೆಲ್ಲ ಬಿಡು ಎಂದು ಹೇಳುವ ಅಂಕಿ ಅದು. ಬದಲಿಸದೆ ಬಿಟ್ಟರೆ ಅದು 2. ಹಳೆಯ ಕಾಗದದ ಕೊಳೆ ಹೋಗಲಿ ಎಂದು ನೀವು ಅದನ್ನು 20ಕ್ಕೆ ಏರಿಸುತ್ತೀರಿ. ಹಿನ್ನೆಲೆ ತೊಳೆದಂತಾಗುತ್ತದೆ. ಆದರೆ ಲಾಂಛನದ ಸುತ್ತಲಿನ ಬರಹದಲ್ಲಿ ಠಕಾರ ಇದೆಯೆನ್ನಿ. ರಕಾರಕ್ಕೂ ಠಕಾರಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಚುಕ್ಕಿ. ಸಣ್ಣ ಬರಹದಲ್ಲಿ ಆ ಚುಕ್ಕಿ ನಾಲ್ಕು ಪಿಕ್ಸೆಲ್ ಅಗಲ, ನಾಲ್ಕು ಪಿಕ್ಸೆಲ್ ಎತ್ತರ, ಒಟ್ಟು 16 ಪಿಕ್ಸೆಲ್ ಇದ್ದರೆ ಧೂಳಿನ ಜೊತೆಗೆ ಅದೂ ಹೋಯಿತು. ಮಠ ಹೋಗಿ ಮರವಾಯಿತು, ಪಾಠಶಾಲೆ ಪಾರಶಾಲೆಯಾಯಿತು. ಥಕಾರದೊಳಗಿನ ಚುಕ್ಕಿಗೂ ಇದೇ ಗತಿ.

ಕಪ್ಪು ಬಿಳುಪಿನ ಗೆರೆ ಎಲ್ಲಿ ಹಾಕಬೇಕು ಎಂಬ ಇನ್ನೊಂದು ಅಂಕಿಯೂ ಹೀಗೇ ಕೈಕೊಡುತ್ತದೆ. ತೀರ ಗಾಢವಾದದ್ದು ಮಾತ್ರ ಕಪ್ಪು ಎಂದು ಹೇಳಿದರೆ, ಮಾಸಲಾಗಿ ಮುದ್ರಣವಾದ ಮಹಾಪ್ರಾಣದ ಹೊಟ್ಟೆ ಸೀಳು ಬಿಳಿಯ ಪಾಲಿಗೆ ಹೋಗಿ, ಧನ ಇದ್ದದ್ದು ದನ ಆಗುತ್ತದೆ. ಬೂದೆಲ್ಲ ಕಪ್ಪೇ ಎಂದರೆ ಒತ್ತಕ್ಷರಗಳ ಕಣ್ಣುಗಳು ಮುಚ್ಚಿಕೊಂಡು ಗಂಟುಗಳಾಗುತ್ತವೆ. ಮೂಲೆಯ ಅಂಕಿಯದು ಇನ್ನೊಂದು ಕಥೆ. ಅದನ್ನು ಸೊನ್ನೆಗೆ ಇಳಿಸಿದರೆ ನಮ್ಮ ದುಂಡು ಅಕ್ಷರಗಳೆಲ್ಲ ಕಲ್ಲು ಒಡೆದಂತೆ ಮೂಲೆ ಮೂಲೆಯಾಗುತ್ತವೆ, ಮೇಲಕ್ಕೆ ಏರಿಸಿದರೆ ತಲೆಕಟ್ಟಿನ ಚೂಪು ತುದಿ ಮೊಂಡಾಗುತ್ತದೆ. ಅದು ತಾನಾಗಿ ಇರುವುದು 1ರಲ್ಲಿ. ಬಹುಪಾಲು ಕೆಲಸಕ್ಕೆ ಅದೇ ಸರಿ.

ಹಾಗಾದರೆ ಮಾಡುವುದು ಹೇಗೆ? ಪೋಟ್ರೇಸ್ ಮೂಲದಲ್ಲಿ ಕಿಟಕಿ, ಗುಂಡಿಗಳಿಲ್ಲದ ಸಾಧನ. ಆಜ್ಞೆಯನ್ನು ಟೈಪ್ ಮಾಡಿ ನಡೆಸಬೇಕು. ನೂರಾರು ಚಿತ್ರಗಳನ್ನು ಒಟ್ಟಿಗೆ ಬದಲಿಸಲು ಅದು ಹೇಳಿಮಾಡಿಸಿದ್ದು. ಒಂದೆರಡು ಲಾಂಛನದ ಕೆಲಸಕ್ಕೆ ಇಂಕ್‌ಸ್ಕೇಪ್ ಸಾಕು. ಸೋಡಿಪೋಡಿ ಎಂಬ ತಂತ್ರಾಂಶದಿಂದ 2003ರಲ್ಲಿ ಕವಲೊಡೆದು ಬಂದ ಚಿತ್ರರಚನೆಯ ಮುಕ್ತ ತಂತ್ರಾಂಶ ಇದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಪೋಟ್ರೇಸ್ ಇದರ ಒಳಗೇ ಇದೆ.

ಚಿತ್ರವನ್ನು ಇಂಕ್‌ಸ್ಕೇಪ್‌ಗೆ ತಂದು, ಅದನ್ನು ಆರಿಸಿ, ಪಾಥ್ ಮೆನುವಿನಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಎಂಬುದನ್ನು ಒತ್ತಿ. ಕಪ್ಪು ಬಿಳುಪಿನ ಅಂಕಿ ಬ್ರೈಟ್‌ನೆಸ್ ಎಂಬ ಹೆಸರಿನಲ್ಲಿ, ಧೂಳಿನ ಅಂಕಿ ಸ್ಪೆಕಲ್ಸ್ ಎಂಬ ಹೆಸರಿನಲ್ಲಿ, ಮೂಲೆಯ ಅಂಕಿ ಸ್ಮೂತ್ ಕಾರ್ನರ್ಸ್ ಎಂಬ ಹೆಸರಿನಲ್ಲಿ ಅಲ್ಲಿ ಕಾಣುತ್ತವೆ. ಒಪ್ಪಿಗೆ ಕೊಟ್ಟ ಮೇಲೆ ಏನೂ ಆಗಲಿಲ್ಲವಲ್ಲ ಎಂದು ಹೊಸಬರು ಗಾಬರಿಯಾಗುವುದುಂಟು. ಹೊಸ ವೆಕ್ಟರ್ ಚಿತ್ರ ಹಳೆಯದರ ಮೇಲೆಯೇ ಸರಿಯಾಗಿ ಕೂತಿರುತ್ತದೆ, ಅಷ್ಟೆ. ಮೇಲಿನದನ್ನು ಪಕ್ಕಕ್ಕೆ ಎಳೆದರೆ ಎರಡೂ ಕಾಣುತ್ತವೆ. ಅಲ್ಲಿ ಒಂದೊಂದು ಅಕ್ಷರವನ್ನೂ ಮೂಲದ ಜೊತೆ ಹೋಲಿಸಿ ನೋಡಿ. ಠಕಾರದ ಚುಕ್ಕಿ ಹೋಗಿದ್ದರೆ ಸ್ಪೆಕಲ್ಸ್ ಇಳಿಸಿ ಮತ್ತೆ ಟ್ರೇಸ್ ಮಾಡಿ, ಉಳಿದ ಕೊಳೆಯನ್ನು ಕೈಯಲ್ಲಿ ಅಳಿಸಿ.

ಇದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಮುಕ್ಕಾಲು ಪಾಲು ಫಲ ನಿಂತಿರುವುದು ಅದರ ಮೇಲೆಯೇ. ಮೂಲಚಿತ್ರ ಚೆನ್ನಾಗಿರಬೇಕು. ಜೆಪೆಗ್ ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ತುಂಡುಗಳಾಗಿ ಮಾಡಿ ಕುಗ್ಗಿಸುತ್ತಾರೆ. ಫೋಟೊಗಳಿಗೆ ಅದು ಒಳ್ಳೆಯ ಉಪಾಯ, ಆದರೆ ಕಪ್ಪು ಗೆರೆಯ ಅಂಚಿನಲ್ಲಿ ನೊರೆಯಂಥ ಕಲೆಗಳು ಏಳುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದಾಗ ಅದು ಮತ್ತೊಮ್ಮೆ ಕುಗ್ಗುತ್ತದೆ. ಆದ್ದರಿಂದ ಲೆಟರ್‌ಹೆಡ್ಡನ್ನು ಸ್ಕ್ಯಾನರಿನ ಮೇಲಿಟ್ಟು, ಇಂಚಿಗೆ 600 ಪಿಕ್ಸೆಲ್‌ನಂತೆ ತೆಗೆದು, ಪಿಎನ್‌ಜಿ ಆಗಿ ಉಳಿಸಿ. ವಾಟ್ಸ್‌ಆ್ಯಪ್‌ನಲ್ಲೇ ಕಳಿಸಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಸ್ಕ್ಯಾನರ್ ಇಲ್ಲ, ಮೊಬೈಲ್ ಫೋಟೊನೇ ಗತಿ ಎನ್ನುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಕಾಗದದ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ಕೈಯ ನೆರಳು. ನೆರಳಿನಲ್ಲಿರುವ ಬಿಳಿ ಕಾಗದ ಬೆಳಕಿನಲ್ಲಿರುವ ಮಸಿಗಿಂತ ಕಪ್ಪಾಗಿ ಕಾಣಬಹುದು, ಆಗ ಒಂದೇ ಅಂಕಿಯಿಂದ ಇಡೀ ಚಿತ್ರವನ್ನು ಕಪ್ಪು ಬಿಳುಪು ಮಾಡಲಾಗದು. ಪೋಟ್ರೇಸ್ ಜೊತೆಗೇ ಬರುವ ಎಂಕೆಬಿಟ್‌ಮ್ಯಾಪ್ ಎಂಬ ಸಣ್ಣ ಸಾಧನ ಇದಕ್ಕೆಂದೇ ಇದೆ. ನಿಧಾನವಾಗಿ ಬದಲಾಗುವ ನೆರಳನ್ನು ಅದು ಸೋಸಿ ತೆಗೆದು, ಥಟ್ಟನೆ ಬದಲಾಗುವ ಅಂಚನ್ನು ಉಳಿಸಿಕೊಳ್ಳುತ್ತದೆ. ಆಮೇಲೆ ಚಿತ್ರವನ್ನು ಎರಡರಷ್ಟು ಹಿಗ್ಗಿಸಿ, ಅದಾದ ಮೇಲೆ ಕಪ್ಪು ಬಿಳುಪು ಮಾಡುತ್ತದೆ. ಈ ಸರದಿಗೆ ಕಾರಣವಿದೆ. ಅಂಚಿನ ಬೂದು ಪಿಕ್ಸೆಲ್‌ನಲ್ಲಿ ಗೆರೆ ನಿಜವಾಗಿ ಎಲ್ಲಿ ಹಾದುಹೋಗಿದೆ ಎಂಬ ಸುಳಿವು ಅಡಗಿರುತ್ತದೆ. ಹಿಗ್ಗಿಸಿದ ಮೇಲೆ ಪಾಲು ಮಾಡಿದರೆ ಆ ಸುಳಿವು ಉಳಿಯುತ್ತದೆ, ಮೊದಲೇ ಪಾಲು ಮಾಡಿದರೆ ಕಳೆದುಹೋಗುತ್ತದೆ.

ಬಣ್ಣದ ಲಾಂಛನವಾದರೆ? ಇಂಕ್‌ಸ್ಕೇಪ್ ಬಣ್ಣಗಳನ್ನು ಕೆಲವೇ ಗುಂಪುಗಳಾಗಿ ಮಾಡಿ, ಒಂದೊಂದು ಗುಂಪನ್ನೂ ಬೇರೆಬೇರೆ ಕಪ್ಪು ಬಿಳುಪು ಚಿತ್ರದಂತೆ ಪೋಟ್ರೇಸ್‌ಗೆ ಕೊಟ್ಟು, ಬಂದದ್ದನ್ನು ಒಂದರ ಮೇಲೊಂದು ಜೋಡಿಸುತ್ತದೆ. ಮೂರು ಬಣ್ಣದ ಲಾಂಛನಕ್ಕೆ ಎಂಟು ಗುಂಪು ಕೇಳಬೇಡಿ, ಅಂಚಿನ ಮಬ್ಬು ಬಣ್ಣಗಳಿಗೂ ಒಂದೊಂದು ಪದರ ಹುಟ್ಟಿಬಿಡುತ್ತದೆ. ಬಣ್ಣದ ಚಿತ್ರಗಳಿಗೆಂದೇ ರೂಪಿಸಿದ ವಿಟ್ರೇಸರ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಇತ್ತೀಚೆಗೆ ಬಂದಿದೆ, ಅದನ್ನೂ ನೋಡಬಹುದು.

ಕಸೂತಿ ಯಂತ್ರಕ್ಕೆ, ಕೊರೆಯುವ ಯಂತ್ರಕ್ಕೆ ಚಿತ್ರ ಮಾಡುವವರು ಇನ್ನೊಂದು ಸಂಗತಿ ಗಮನಿಸಬೇಕು. ಪೋಟ್ರೇಸ್ ಒಂದು ಪೆನ್ನಿನ ಗೀಟನ್ನು ಕಂಡರೆ ಅದರ ಎರಡೂ ಅಂಚುಗಳನ್ನು ಎಳೆಯುತ್ತದೆ. ಸೂಜಿಯೋ ಉಳಿಯೋ ಆ ಗೀಟಿನ ಮೇಲೆ ಎರಡು ಸಲ ಓಡುತ್ತದೆ. ಗೀಟಿನ ನಡುವಿನ ಒಂದೇ ಗೆರೆ ಬೇಕಾದರೆ ಆಟೊಟ್ರೇಸ್ ಅದನ್ನು ಕೊಡುತ್ತದೆ. 2020ರ ಮೇ ತಿಂಗಳಲ್ಲಿ ಬಂದ ಇಂಕ್‌ಸ್ಕೇಪ್ 1.0ರಲ್ಲಿ ಆ ಸೌಲಭ್ಯ ಸೆಂಟರ್‌ಲೈನ್ ಎಂಬ ಹೆಸರಿನಲ್ಲಿ ಒಳಗೇ ಸೇರಿತು.

ಟ್ರೇಸ್ ಮಾಡಬಾರದ ಚಿತ್ರಗಳೂ ಇವೆ. ವ್ಯಕ್ತಿಯ ಫೋಟೊವನ್ನು ವೆಕ್ಟರ್ ಮಾಡಹೊರಟರೆ ಸಾವಿರಾರು ಸಣ್ಣ ತುಂಡುಗಳು ಹುಟ್ಟಿ ಫೈಲ್ ಭಾರವಾಗುತ್ತದೆ, ಮುಖ ಮಾತ್ರ ಮೇಣದ ಗೊಂಬೆಯಾಗುತ್ತದೆ. ಫೋಟೊ ಫೋಟೊ ಆಗಿಯೇ ಇರಲಿ. ಬರಹದ ವಿಷಯದಲ್ಲೂ ಒಂದು ಕ್ಷಣ ನಿಂತು ಯೋಚಿಸಿ. ಟ್ರೇಸ್ ಮಾಡಿದ ಅಕ್ಷರ ಬರೀ ಆಕಾರ, ಅದನ್ನು ಹುಡುಕಲಾಗದು, ತಿದ್ದಲಾಗದು. ಲಾಂಛನದ ಸುತ್ತ ಇರುವುದು ಮಾಮೂಲಿ ಅಚ್ಚಿನ ಅಕ್ಷರವಾದರೆ, ಅದಕ್ಕೆ ಹೊಂದುವ ಯುನಿಕೋಡ್ ಫಾಂಟಿನಲ್ಲಿ ಹೊಸದಾಗಿ ಟೈಪ್ ಮಾಡುವುದೇ ಮೇಲು. ಗುಬ್ಬಿ, ನವಿಲು, ನೋಟೊ, ಬಾಲೂ ತಮ್ಮ ಹೀಗೆ ಮುಕ್ತವಾಗಿ ಸಿಗುವ ಕನ್ನಡ ಫಾಂಟುಗಳು ಈಗ ಸಾಕಷ್ಟಿವೆ. ಟ್ರೇಸ್ ಮಾಡಬೇಕಾದ್ದು ಯಾವ ಫಾಂಟಿನಲ್ಲೂ ಸಿಗದ ಕೈಬರಹವನ್ನು. ಹಳೆಯ ಪುಸ್ತಕಗಳ ರಕ್ಷಾಪುಟ, ಸಂಘಸಂಸ್ಥೆಗಳ ಮುದ್ರೆ, ಚಿತ್ರಕಾರರು ಕುಂಚದಲ್ಲಿ ಬರೆದ ಶೀರ್ಷಿಕೆ ಇಂಥವೆಲ್ಲ ಆ ಸಾಲಿಗೆ ಸೇರುತ್ತವೆ. ಬೇರೆಯವರಿಗೆ ಸೇರಿದ ಲಾಂಛನವಾದರೆ ಒಂದು ಮಾತು ಕೇಳಿಯೇ ಮುಂದುವರಿಯಿರಿ. ಗೆರೆಯಾಗಿಸಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ.

ಕೊನೆಯದಾಗಿ, ಮುಕ್ತ ತಂತ್ರಾಂಶ ಎಂಬ ವಿಶೇಷಣಕ್ಕೆ ಇಲ್ಲಿ ಏನು ತೂಕ? ದುಡ್ಡು ಉಳಿಯುತ್ತದೆ ಎಂಬುದು ನಿಜ, ಊರಿನ ಶಾಲೆಗೆ ಅದೂ ಸಣ್ಣ ಮಾತಲ್ಲ. ಆದರೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಆಗಲೇ ಬೆಝಿಯೆ ಬಾಗು ಎಂದೆನಲ್ಲ, ಅದರ ಗಣಿತವನ್ನು 1959ರ ಹೊತ್ತಿಗೇ ಪಾಲ್ ದ ಕ್ಯಾಸ್ತೆಲ್‌ಝೋ ಎಂಬವರು ಫ್ರಾನ್ಸಿನ ಸಿತ್ರೋಯೆನ್ ಕಾರು ಕಂಪನಿಯಲ್ಲಿದ್ದಾಗ ಕಂಡುಕೊಂಡಿದ್ದರು. ಕಂಪನಿ ಅದನ್ನು ಗುಟ್ಟಾಗಿ ಇಟ್ಟಿತು. ಇನ್ನೊಂದು ಕಾರು ಕಂಪನಿ ರೆನೋದ ಪಿಯೆರ್ ಬೆಝಿಯೆ ತಾವೂ ಅದೇ ಬಾಗನ್ನು ಕಂಡುಕೊಂಡು ಲೋಕಕ್ಕೆ ತಿಳಿಸಿದರು. ಲೋಕ ಬಾಗಿಗೆ ಅವರ ಹೆಸರನ್ನೇ ಇಟ್ಟಿತು.

ಪೋಟ್ರೇಸ್ ವಿಷಯದಲ್ಲಿ ಗುಟ್ಟಿನ ಮಾತೇ ಬರಲಿಲ್ಲ. ಲೇಖನವೂ ಬಿಚ್ಚಿಟ್ಟದ್ದು, ಆಕರ ಬರಹವೂ ಬಿಚ್ಚಿಟ್ಟದ್ದು. ಇಂಕ್‌ಸ್ಕೇಪ್‌ನವರು ಅದನ್ನು ಒಳಗೆ ಸೇರಿಸಿಕೊಂಡರು. ಫಾಂಟ್ ಮಾಡುವ ಫಾಂಟ್‌ಫೋರ್ಜ್ ಅದನ್ನು ಕರೆದು, ಸ್ಕ್ಯಾನ್ ಮಾಡಿದ ಅಕ್ಷರದ ಅಂಚು ತೆಗೆಸುತ್ತದೆ. ಸಂಗೀತದ ಸ್ವರಲಿಪಿ ಅಚ್ಚು ಮಾಡುವ ಲಿಲಿಪಾಂಡ್ ತಂತ್ರಾಂಶದ ಹಾನ್-ವೆನ್ ನೀನ್‌ಹೌಸ್ ಬರೆದ ಎಂಎಫ್‌ಟ್ರೇಸ್, ಟೆಕ್ ಎಂಬ ಪುಟವಿನ್ಯಾಸ ತಂತ್ರಾಂಶದ ಹಳೆಯ ಫಾಂಟುಗಳನ್ನು ದೊಡ್ಡದಾಗಿ ಚುಕ್ಕಿಚಿತ್ರ ಮಾಡಿ, ಪೋಟ್ರೇಸ್ ಅಥವಾ ಆಟೊಟ್ರೇಸ್‌ನಿಂದ ಗೆರೆಯ ಫಾಂಟುಗಳಾಗಿ ತಿರುಗಿಸಿತು. ಅತ್ತ ದುಡ್ಡಿನ ಸ್ಟ್ರೀಮ್‌ಲೈನನ್ನು ಕಂಪನಿ ನಿಲ್ಲಿಸಿದಾಗ ಅದನ್ನು ಮುಂದುವರಿಸುವ ದಾರಿ ಬಳಕೆದಾರರಿಗೆ ಇರಲಿಲ್ಲ. ಪೋಟ್ರೇಸ್‌ನ 1.16ನೆಯ ಆವೃತ್ತಿ ಬಂದದ್ದು 2019ರಲ್ಲಿ, ಇಂದಿಗೂ ಅದು ಹತ್ತಾರು ಸಾಧನಗಳ ಒಳಗೆ ಕೆಲಸ ಮಾಡುತ್ತಿದೆ. ನಾಳೆ ಕನ್ನಡದ ಹುಡುಗನೋ ಹುಡುಗಿಯೋ ಕೂತು, ವೃತ್ತದೊಳಗಿನ ಚುಕ್ಕಿ ಎಷ್ಟೇ ಚಿಕ್ಕದಿದ್ದರೂ ಅಳಿಸಬೇಡ ಎಂಬ ನಿಯಮವನ್ನು ಅದಕ್ಕೆ ಸೇರಿಸಿದರೆ ತಡೆಯುವವರಿಲ್ಲ. ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಹಾಗಾಗಿ ನಿಮ್ಮ ಶಾಲೆ, ಸಂಘ, ಗ್ರಂಥಾಲಯ, ನಾಟಕ ಮಂಡಳಿ ಯಾವುದೇ ಇರಲಿ, ಲಾಂಛನವನ್ನು ಒಮ್ಮೆ ಚೆನ್ನಾಗಿ ಸ್ಕ್ಯಾನ್ ಮಾಡಿಸಿ, ಟ್ರೇಸ್ ಮಾಡಿಸಿ, ಅಕ್ಷರ ಅಕ್ಷರ ನೋಡಿ ತಿದ್ದಿಸಿ, ಎಸ್‌ವಿಜಿ ಫೈಲಾಗಿ ಉಳಿಸಿ. 2001ರಿಂದ ಜಾಲಲೋಕದ ಒಪ್ಪಿತ ಮಾನಕ ಅದು, ಯಾವ ಒಂದು ಕಂಪನಿಯ ಸೊತ್ತೂ ಅಲ್ಲ. ಅಂಗಡಿಯವರು ಕೇಳಿದರೆ ಅದರಿಂದಲೇ ಪಿಡಿಎಫ್ ಮಾಡಿ ಕೊಡಬಹುದು. ಫೈಲನ್ನು ಕಾರ್ಯದರ್ಶಿಯ ಮೊಬೈಲಿನಲ್ಲಿ ಮಾತ್ರ ಬಿಡಬೇಡಿ, ಅಧಿಕಾರ ಬದಲಾದಾಗ ಲೆಕ್ಕದ ಪುಸ್ತಕದ ಜೊತೆಗೆ ಅದನ್ನೂ ಹಸ್ತಾಂತರಿಸಿ. ಹಳೆಯ ಕಾಗದವನ್ನೂ ಎಸೆಯಬೇಡಿ. ಯಂತ್ರದ ಊಹೆ ಎಲ್ಲಿ ತಪ್ಪಿದೆ ಎಂದು ತಿಳಿಯಲು ಮುಂದಿನವರಿಗೆ ಅದೊಂದೇ ಸಾಕ್ಷಿ.